ತಾಣ ತಪ್ಪಿದ ಪಿಟ್ಯುಟರಿ ಗಡ್ಡೆಗಳು

ತಾಣ ತಪ್ಪಿದ ಪಿಟ್ಯುಟರಿ ಗಡ್ಡೆಗಳು: ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿರುವಂಥ ಜೀವಕೋಶಗಳಿಂದಲೇ ಹುಟ್ಟಿದರೂ ಆ ಗ್ರಂಥಿ ಕುಳಿತಿರುವ ಎಲುಬಿನ ಗುಳಿಯ ಹೊರಗೆ, ಮೂಲ ಗ್ರಂಥಿಯೊಡನೆ ಯಾವ ಸಂಪರ್ಕವೂ ಇಲ್ಲದೆ ಬೆಳೆಯುವ ಗಡ್ಡೆಗಳು. ವೈದ್ಯರು ಇವನ್ನು ಎಕ್ಟೋಪಿಕ್ ಪಿಟ್ಯುಟರಿ ಅಡಿನೋಮ ಎನ್ನುತ್ತಾರೆ. ಮೂಗಿನ ಹಿಂದಿರುವ ಸ್ಫೀನಾಯ್ಡ್ ಸೈನಸ್, ಮಿದುಳಿನ ತಳಭಾಗ, ತಲೆಬುರುಡೆಯ ಬುಡದ ಎಲುಬು ಮತ್ತು ಗಂಟಲಿನ ಮೇಲ್ಛಾವಣಿ ಇವುಗಳ ಮುಖ್ಯ ನೆಲೆಗಳು. ಬಹುಪಾಲು ಇವು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುತ್ತವೆ, ಗುರುತು ಸಿಕ್ಕರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ. ಇರಬೇಕಾದ ಜಾಗದಲ್ಲಿ ಇಲ್ಲದಿರುವುದರಿಂದ ಇವನ್ನು ಬೇರೆ ಕಾಯಿಲೆಯೆಂದು, ಅದರಲ್ಲೂ ಮಾರಕ ಕ್ಯಾನ್ಸರೆಂದು ಎಣಿಸುವ ಸಂಭವ ಹೆಚ್ಚು. ಗಡ್ಡೆಯಷ್ಟೇ ತಪ್ಪು ರೋಗನಿದಾನವೂ ರೋಗಿಗೆ ಹಾನಿ ಮಾಡಬಲ್ಲ ಅಪರೂಪದ ಕಾಯಿಲೆಗಳಲ್ಲಿ ಇದೊಂದು.

ಗ್ರಂಥಿ ಮತ್ತು ಅದರ ನೆಲೆ

ಪಿಟ್ಯುಟರಿ ಸುಮಾರು ಅರ್ಧ ಗ್ರಾಂ ತೂಗುವ, ಬಟಾಣಿ ಕಾಳಿನಷ್ಟಿರುವ ನಿರ್ನಾಳ ಗ್ರಂಥಿ. ಎರಡು ಕಣ್ಣುಗಳ ನಡುವೆ ಮೂಗಿನ ಬುಡದಿಂದ ನೇರ ಹಿಂದಕ್ಕೆ ಹೋದರೆ ತಲೆಬುರುಡೆಯ ತಳದಲ್ಲಿ ಸ್ಫೀನಾಯ್ಡ್ ಎಂಬ ಎಲುಬು ಸಿಗುತ್ತದೆ. ಅದರ ಮೇಲ್ಮೈಯಲ್ಲಿ ಕುದುರೆಯ ಜೀನಿನ ಆಕಾರದ ಒಂದು ಗುಳಿಯಿದೆ. ಸೆಲ್ಲಾ ಟರ್ಸಿಕಾ ಎಂದು ಹೆಸರಾದ ಈ ಗುಳಿಯೇ ಗ್ರಂಥಿಯ ಮನೆ. ಗುಳಿಯ ಕೆಳಗೆ ಗಾಳಿ ತುಂಬಿದ ಸ್ಫೀನಾಯ್ಡ್ ಸೈನಸ್, ಮೇಲೆ ದೃಷ್ಟಿನರಗಳು ಒಂದನ್ನೊಂದು ಹಾಯುವ ಜಾಗ, ಎರಡು ಪಕ್ಕಗಳಲ್ಲಿ ಕ್ಯಾವರ್ನಸ್ ಸೈನಸ್ ಎಂಬ ಅಭಿಧಮನಿಗಳ ಜಾಲ, ಹಿಂದೆ ಇಳಿಜಾರಾಗಿ ಕೆಳಗಿಳಿಯುವ ಕ್ಲೈವಸ್ ಎಂಬ ಎಲುಬು. ಒಂದು ತೆಳುವಾದ ಕಾಂಡ ಗ್ರಂಥಿಯನ್ನು ಮಿದುಳಿನ ಹೈಪೋಥಲಾಮಸ್ ಭಾಗಕ್ಕೆ ಸೇರಿಸುತ್ತದೆ.

ಗ್ರಂಥಿಯ ಹಿಂಭಾಗ ಮಿದುಳಿನದೇ ಮುಂದುವರಿಕೆ. ಮುಂಭಾಗದ ಹುಟ್ಟು ಬೇರೆ. ಬೆಳವಣಿಗೆಯ ಹಾರ್ಮೋನು, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್, ಅಡ್ರಿನಲ್ ಗ್ರಂಥಿಯನ್ನು ಚುರುಕುಗೊಳಿಸುವ ಎ.ಸಿ.ಟಿ.ಎಚ್., ಥೈರಾಯ್ಡನ್ನು ನಡೆಸುವ ಟಿ.ಎಸ್.ಎಚ್., ಅಂಡಾಶಯ ಮತ್ತು ವೃಷಣಗಳನ್ನು ನಡೆಸುವ ಎಲ್.ಎಚ್. ಹಾಗೂ ಎಫ್.ಎಸ್.ಎಚ್. ಎಂಬ ಆರು ಹಾರ್ಮೋನುಗಳು ಈ ಮುಂಭಾಗದಿಂದ ಬರುತ್ತವೆ. ಪಿಟ್ಯುಟರಿ ಗಡ್ಡೆಗಳೆಂದು ನಾವು ಸಾಮಾನ್ಯವಾಗಿ ಕರೆಯುವುದು ಈ ಮುಂಭಾಗದ ಜೀವಕೋಶಗಳಿಂದ ಹುಟ್ಟಿದವನ್ನೇ. ಗುಳಿಯೊಳಗಿನ ಇಂಥ ಗಡ್ಡೆಗಳು ವಿರಳವೇನಲ್ಲ. ತಲೆಬುರುಡೆಯೊಳಗಿನ ಗಡ್ಡೆಗಳಲ್ಲಿ ನೂರಕ್ಕೆ 10ರಿಂದ 15 ಇವೇ. ಮರಣೋತ್ತರ ಪರೀಕ್ಷೆ ಮತ್ತು ಸ್ಕ್ಯಾನ್‌ಗಳ ವರದಿಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸುಮಾರು ನೂರರಲ್ಲಿ 17 ಜನರಲ್ಲಿ ಯಾವ ತೊಂದರೆಯನ್ನೂ ಕೊಡದ ಸಣ್ಣ ಗಡ್ಡೆಯಾದರೂ ಇರುತ್ತದೆಂದು ಲೆಕ್ಕ ಹಾಕಿತು. ಇವುಗಳಿಗೆ ಹೋಲಿಸಿದರೆ ಗುಳಿಯ ಹೊರಗಿನ ಗಡ್ಡೆಗಳು ತೀರ ಅಪರೂಪ. ಒಬ್ಬ ನುರಿತ ವೈದ್ಯ ತನ್ನ ವೃತ್ತಿಜೀವನದುದ್ದಕ್ಕೂ ಒಂದೆರಡನ್ನು ಮಾತ್ರ ಕಾಣುವುದೂ ಉಂಟು, ಒಂದನ್ನೂ ಕಾಣದಿರುವುದೂ ಉಂಟು.

ಭ್ರೂಣದಲ್ಲಿ ಸವೆಸಿದ ದಾರಿ

ಮಿದುಳಿನ ಬುಡದ ಗ್ರಂಥಿಯ ಜೀವಕೋಶ ಮೂಗಿನ ಹಿಂದೆ ಅಥವಾ ಗಂಟಲಿನ ಮೇಲ್ಛಾವಣಿಯಲ್ಲಿ ಹೇಗೆ ಬಂತು? ಉತ್ತರ ಗರ್ಭದ ಮೊದಲ ಎರಡು ತಿಂಗಳಲ್ಲಿದೆ. ಸುಮಾರು ನಾಲ್ಕನೆಯ ವಾರದಲ್ಲಿ ಭ್ರೂಣದ ಬಾಯಿಯ ಮೇಲ್ಛಾವಣಿಯ ಹೊರಪದರ ಒಂದೆಡೆ ಮೇಲಕ್ಕೆ ಚೀಲದಂತೆ ಉಬ್ಬುತ್ತದೆ. ಜರ್ಮನಿಯ ಭ್ರೂಣಶಾಸ್ತ್ರಜ್ಞ ಮಾರ್ಟಿನ್ ಹೈನ್‌ರಿಕ್ ರಾಟ್ಕೆ 1838ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ರಾಟ್ಕೆಯ ಚೀಲ ಎಂಬ ಹೆಸರು. ಈ ಚೀಲ ಮೇಲೇರುತ್ತ ಹೋಗಿ, ಮಿದುಳಿನಿಂದ ಕೆಳಗಿಳಿದು ಬರುವ ಮೊಗ್ಗಿಗೆ ತಾಗುತ್ತದೆ. ಚೀಲದಿಂದ ಗ್ರಂಥಿಯ ಮುಂಭಾಗವೂ ಮೊಗ್ಗಿನಿಂದ ಹಿಂಭಾಗವೂ ರೂಪುಗೊಳ್ಳುತ್ತವೆ. ಆರರಿಂದ ಎಂಟನೆಯ ವಾರದ ಹೊತ್ತಿಗೆ ಚೀಲವನ್ನು ಬಾಯಿಗೆ ಸೇರಿಸಿದ್ದ ಕೊಳವೆ ಸವೆದು ಕಡಿದುಹೋಗುತ್ತದೆ. ಅದರ ಸುತ್ತ ಸ್ಫೀನಾಯ್ಡ್ ಎಲುಬಿನ ಮೂಲವಾದ ಮೃದ್ವಸ್ಥಿ ಕೂಡಿಕೊಂಡು ದಾರಿ ಮುಚ್ಚುತ್ತದೆ.

ಈ ದಾರಿ ಎಲ್ಲರಲ್ಲೂ ಪೂರ್ತಿ ಅಳಿಸಿಹೋಗುವುದಿಲ್ಲ. ನಡುವೆ ಉಳಿದ ಜೀವಕೋಶಗಳ ಸಣ್ಣ ಗುಂಪುಗಳು ಎಲುಬಿನೊಳಗೂ ಲೋಳೆಪೊರೆಯ ಅಡಿಯಲ್ಲೂ ಹಾಗೆಯೇ ಇರುತ್ತವೆ. ಗಂಟಲಿನ ಮೇಲ್ಛಾವಣಿಯ ನಡುರೇಖೆಯಲ್ಲಿ, ಮೂಗಿನ ನಡುಗೋಡೆಯ ವೋಮರ್ ಎಲುಬು ಸ್ಫೀನಾಯ್ಡಿಗೆ ಸೇರುವೆಡೆ, ಕೆಲವೇ ಮಿಲಿಮೀಟರ್ ಉದ್ದದ ಪಿಟ್ಯುಟರಿ ಅಂಗಾಂಶ ಬಹುಪಾಲು ಮನುಷ್ಯರಲ್ಲಿ ಜೀವನವಿಡೀ ಉಳಿದಿರುತ್ತದೆ. ಇದೇ ಗಂಟಲ ಪಿಟ್ಯುಟರಿ. ಇದು ಬರಿಯ ಅವಶೇಷವಲ್ಲ: ಇದರಲ್ಲಿ ಏಳು ಬಗೆಯ ಹಾರ್ಮೋನು ತಯಾರಿಸುವ ಜೀವಕೋಶಗಳಿರುವುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೊಳವೆ ಹಾದುಹೋಗಿದ್ದ ಎಲುಬಿನ ರಂಧ್ರ ಮುಚ್ಚದೆ ಹಾಗೆಯೇ ಉಳಿಯುವುದು ಮಾತ್ರ ವಿರಳ. ಸುಮಾರು ನೂರಕ್ಕೆ 0.4ರಷ್ಟು ವಯಸ್ಕರಲ್ಲಿ ಅದು ಕಾಣುತ್ತದೆ.

ಗುಳಿಯ ಮೇಲ್ಗಡೆಯ ಗಡ್ಡೆಗಳಿಗೆ ದೊರೆತ ವಿವರಣೆ ಬೇರೆ. ಗ್ರಂಥಿಯ ಕಾಂಡದ ಸುತ್ತ, ಮಿದುಳಿನ ಹೊದಿಕೆಗಳ ನಡುವೆ ಪಿಟ್ಯುಟರಿ ಜೀವಕೋಶಗಳು ಚದುರಿ ಕೂತಿರುವುದನ್ನು ಹೋರಿ ಎಂಬ ಸಂಶೋಧಕರು ಭ್ರೂಣಗಳಲ್ಲೂ ವಯಸ್ಕರ ಮಿದುಳುಗಳಲ್ಲೂ ಗುರುತಿಸಿ 1985ರಲ್ಲಿ ವರದಿ ಮಾಡಿದರು. ಹೀಗೆ ಗ್ರಂಥಿ ಸಾಗಿಬಂದ ದಾರಿಯ ಮೇಲೂ ಕೆಳಗೂ ಬೀಜಗಳು ಉಳಿದಿವೆ. ಅವುಗಳಲ್ಲೊಂದು ಅಂಕೆ ಮೀರಿ ಬೆಳೆದಾಗ ತಾಣ ತಪ್ಪಿದ ಗಡ್ಡೆಯಾಗುತ್ತದೆ. ಗಡ್ಡೆಗಳು ಹೆಚ್ಚಾಗಿ ನಡುರೇಖೆಯಲ್ಲಿ ಅಥವಾ ಅದರ ಆಸುಪಾಸಿನಲ್ಲೇ ಸಿಗುವುದು ಈ ವಿವರಣೆಗೆ ಬಲ ಕೊಡುತ್ತದೆ.

ತಿಳಿವಳಿಕೆ ಬೆಳೆದ ಬಗೆ

ಪಿಟ್ಯುಟರಿಯ ಕಾಯಿಲೆಗಳ ಅಧ್ಯಯನ ಹೊಸ ಹುರುಪು ಪಡೆದದ್ದು 1886ರಲ್ಲಿ. ಆ ವರ್ಷ ಪ್ಯಾರಿಸ್ಸಿನ ವೈದ್ಯ ಪಿಯರ್ ಮರಿ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಕೈಕಾಲು ಮತ್ತು ಮುಖದ ಎಲುಬುಗಳು ದಪ್ಪಗಾಗುವ ಕಾಯಿಲೆಗೆ ಆಕ್ರೊಮೆಗಲಿ ಎಂದು ಹೆಸರಿಟ್ಟರು. 1907ರಲ್ಲಿ ಇನ್ಸ್‌ಬ್ರುಕ್‌ನ ಶಸ್ತ್ರವೈದ್ಯ ಹರ್ಮನ್ ಶ್ಲಾಫರ್ ಮೂಗಿನ ಕಡೆಯಿಂದ ಸ್ಫೀನಾಯ್ಡ್ ಎಲುಬನ್ನು ಹಾಯ್ದು ಪಿಟ್ಯುಟರಿ ಗಡ್ಡೆಯನ್ನು ತೆಗೆದರು. ಅದಾಗಿ ಎರಡು ವರ್ಷಕ್ಕೆ, 1909ರಲ್ಲಿ, ವಿಯೆನ್ನಾದ ರೋಗಶಾಸ್ತ್ರಜ್ಞ ಯಾಕೋಬ್ ಎರ್ಡ್‌ಹೈಮ್ ಅಸಾಮಾನ್ಯ ಜಾಗದ ಪಿಟ್ಯುಟರಿ ಗಡ್ಡೆಯೊಂದನ್ನು ವಿವರಿಸಿದರು. ರೋಗಿಗೆ ಆಕ್ರೊಮೆಗಲಿ ಇತ್ತು; ಗಡ್ಡೆ ಇದ್ದದ್ದು ಸ್ಫೀನಾಯ್ಡ್ ಸೈನಸ್ಸಿನಲ್ಲಿ. ತಾಣ ತಪ್ಪಿದ ಪಿಟ್ಯುಟರಿ ಗಡ್ಡೆಯ ಮೊದಲ ವರದಿಯೆಂದು ವೈದ್ಯಕೀಯ ಸಾಹಿತ್ಯ ಇದನ್ನೇ ಗುರುತಿಸುತ್ತದೆ.

ಅಲ್ಲಿಂದ ಬಹುಕಾಲ ಇಂಥ ವರದಿಗಳು ಒಂದೊಂದಾಗಿ ಬಂದವು. ರಕ್ತದಲ್ಲಿನ ಹಾರ್ಮೋನನ್ನು ಅಳೆಯುವ ವಿಧಾನ, 1980ರ ದಶಕದ ಎಂ.ಆರ್.ಐ., ಆಮೇಲೆ ಬಂದ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆ ಇವುಗಳಿಂದ ನಿದಾನ ಸುಲಭವಾಗುತ್ತ ವರದಿಗಳ ಸಂಖ್ಯೆ ಏರಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ತಂಡವೊಂದು 1999ರಲ್ಲಿ, ಎ.ಸಿ.ಟಿ.ಎಚ್. ಹೆಚ್ಚಾಗಿ ಬರುವ ಕುಶಿಂಗ್ ಕಾಯಿಲೆಗೆಂದು ಶಸ್ತ್ರಚಿಕಿತ್ಸೆ ಮಾಡಿದ ಕೆಲವರಲ್ಲಿ ಗ್ರಂಥಿ ಶುದ್ಧವಾಗಿದ್ದು ಸಣ್ಣ ಗಡ್ಡೆ ಗುಳಿಯ ಪಕ್ಕದಲ್ಲಿ ಅಡಗಿದ್ದುದನ್ನು ತೋರಿಸಿತು. 2012ರಲ್ಲಿ ಪ್ರಕಟವಾದ, ಸ್ಫೀನಾಯ್ಡ್ ಸೈನಸ್ಸಿನ 32 ಪ್ರಕರಣಗಳ ಅಧ್ಯಯನ ಈ ಗಡ್ಡೆಗಳ ಅಂಗಾಂಶ ಲಕ್ಷಣಗಳನ್ನು ವಿವರವಾಗಿ ದಾಖಲಿಸಿತು. ಇಷ್ಟಾಗಿಯೂ ಜಗತ್ತಿನಾದ್ಯಂತ ಪ್ರಕಟವಾದ ಪ್ರಕರಣಗಳು ಕೆಲವು ನೂರನ್ನು ದಾಟಿಲ್ಲ. ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಬಿಡಿ ಪ್ರಕರಣಗಳ ಮೇಲೆ ನಿಂತಿರುವುದನ್ನು ಓದುಗರು ನೆನಪಿನಲ್ಲಿಡಬೇಕು.

ಯಾವುದನ್ನು ತಾಣ ತಪ್ಪಿದ್ದೆನ್ನಬೇಕು

ಸೈನಸ್ಸಿನಲ್ಲಿ ಕಂಡ ಪಿಟ್ಯುಟರಿ ಗಡ್ಡೆಯೆಲ್ಲ ಅಲ್ಲೇ ಹುಟ್ಟಿದ್ದಲ್ಲ. ಗುಳಿಯೊಳಗಿನ ದೊಡ್ಡ ಗಡ್ಡೆ ತಳದ ಎಲುಬನ್ನು ಕೊರೆದು ಕೆಳಗಿನ ಸೈನಸ್ಸಿಗೆ ಇಳಿಯುವುದು ಇದಕ್ಕಿಂತ ಎಷ್ಟೋ ಹೆಚ್ಚು ಸಾಮಾನ್ಯ. ಆದ್ದರಿಂದ ತಾಣ ತಪ್ಪಿದ್ದೆನ್ನಲು ಗುಳಿಯೊಳಗಿನ ಗ್ರಂಥಿ ಗಡ್ಡೆಯಿಲ್ಲದೆ ಸಹಜವಾಗಿರಬೇಕು, ಗುಳಿಯ ತಳ ಹರಿದಿರಬಾರದು, ಎರಡರ ನಡುವೆ ಸಂಪರ್ಕ ಇರಬಾರದು. ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಚೆದುರಿದ ಜೀವಕೋಶಗಳಿಂದ ಬೆಳೆದದ್ದನ್ನೂ, ಬಹಳ ವಿರಳವಾಗಿ ಪಿಟ್ಯುಟರಿ ಗಡ್ಡೆ ದೂರದ ಅಂಗಕ್ಕೆ ಹರಡಿದ್ದನ್ನೂ ಈ ಗುಂಪಿಗೆ ಸೇರಿಸುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಶ್ವಾಸಕೋಶ ಅಥವಾ ಮೇದೋಜೀರಕದ ಕೆಲವು ಗಡ್ಡೆಗಳು ಎ.ಸಿ.ಟಿ.ಎಚ್. ಹಾರ್ಮೋನನ್ನು ಸುರಿಸುತ್ತವೆ. ಅಲ್ಲಿ ತಾಣ ತಪ್ಪಿರುವುದು ಹಾರ್ಮೋನು. ಜೀವಕೋಶ ಆ ಅಂಗದ್ದೇ. ಇಲ್ಲಿ ಪಿಟ್ಯುಟರಿಯ ಜೀವಕೋಶವೇ ಬೇರೆಡೆ ಇದೆ. ಎರಡರ ಪರೀಕ್ಷೆ, ಚಿಕಿತ್ಸೆ, ಮುಂದಿನ ಗತಿ ಎಲ್ಲವೂ ಬೇರೆ ಬೇರೆ.

ಕಾಣಿಸಿಕೊಳ್ಳುವ ಜಾಗಗಳು

ಪ್ರಕಟವಾದ ಪ್ರಕರಣಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸ್ಫೀನಾಯ್ಡ್ ಸೈನಸ್ಸಿನದು. ಎರಡನೆಯ ಸ್ಥಾನ ಗುಳಿಯ ಮೇಲ್ಭಾಗಕ್ಕೆ. ಅಲ್ಲಿ ಗಡ್ಡೆ ಕಾಂಡಕ್ಕೆ ಅಂಟಿಕೊಂಡೋ ದೃಷ್ಟಿನರಗಳ ಬಳಿಯೋ ಬೆಳೆಯುತ್ತದೆ. ಆಮೇಲೆ ಕ್ಲೈವಸ್ ಎಲುಬು, ಕ್ಯಾವರ್ನಸ್ ಸೈನಸ್, ಗಂಟಲಿನ ಮೇಲ್ಛಾವಣಿ. ಮೂಗಿನ ಹೊಳ್ಳೆಗಳ ಒಳಭಾಗ, ಎಥ್ಮಾಯ್ಡ್ ಸೈನಸ್, ಕಣ್ಣುಗೂಡಿನ ಹಿಂಭಾಗ, ಕಿವಿಯ ಬಳಿಯ ಟೆಂಪೊರಲ್ ಎಲುಬು, ಮಿದುಳಿನ ಮೂರನೆಯ ಕುಹರ ಇಲ್ಲೆಲ್ಲ ಕೆಲವೇ ಪ್ರಕರಣಗಳು ವರದಿಯಾಗಿವೆ.

ಅಂಡಾಶಯದ ಟೆರಟೋಮದಲ್ಲಿ ಸಿಗುವ ಪಿಟ್ಯುಟರಿ ಗಡ್ಡೆಯದು ಬೇರೆಯೇ ಕಥೆ. ಟೆರಟೋಮ ಎಂದರೆ ಕೂದಲು, ಹಲ್ಲು, ಚರ್ಮ ಹೀಗೆ ನಾನಾ ಅಂಗಾಂಶಗಳು ಬೆಳೆಯಬಲ್ಲ, ಲೈಂಗಿಕ ಬೀಜಕೋಶಗಳಿಂದ ಹುಟ್ಟಿದ ಗಡ್ಡೆ. ಅದರೊಳಗೆ ಬೆಳೆದ ಪಿಟ್ಯುಟರಿ ಅಂಗಾಂಶ ಪ್ರೊಲ್ಯಾಕ್ಟಿನ್ ಅಥವಾ ಎ.ಸಿ.ಟಿ.ಎಚ್. ಸುರಿಸಿದ, ಅಂಡಾಶಯದ ಗಡ್ಡೆ ತೆಗೆದ ಮೇಲೆ ಕಾಯಿಲೆ ವಾಸಿಯಾದ ಉದಾಹರಣೆಗಳಿವೆ. ರಾಟ್ಕೆಯ ಚೀಲದ ದಾರಿಗೂ ಇದಕ್ಕೂ ಸಂಬಂಧವಿಲ್ಲ.

ಎಳೆಯ ಮಕ್ಕಳಿಂದ ಮುದುಕರವರೆಗೆ ಯಾವ ವಯಸ್ಸಿನಲ್ಲೂ ಈ ಗಡ್ಡೆಗಳು ಕಂಡಿವೆ. ನಡುವಯಸ್ಸಿನವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ತುಸು ಹೆಚ್ಚು. ಗುಳಿಯೊಳಗಿನ ಗ್ರಂಥಿ ಚಪ್ಪಟೆಯಾಗಿ ತಳಕ್ಕೆ ಅಂಟಿ, ಉಳಿದ ಜಾಗವನ್ನು ಮಿದುಳು ದ್ರವ ತುಂಬಿಕೊಂಡಿರುವ ಖಾಲಿ ಗುಳಿಯ ಸ್ಥಿತಿ ಇವರಲ್ಲಿ ಅನೇಕರಿಗಿರುತ್ತದೆ.

ರೋಗಲಕ್ಷಣಗಳು

ಲಕ್ಷಣಗಳು ಎರಡು ಬಗೆ: ಗಡ್ಡೆ ಜಾಗ ಹಿಡಿದದ್ದರಿಂದ ಬರುವವು, ಗಡ್ಡೆ ಸುರಿಸುವ ಹಾರ್ಮೋನಿನಿಂದ ಬರುವವು.

ಸೈನಸ್ ಮತ್ತು ಗಂಟಲಿನ ಮೇಲ್ಛಾವಣಿಯ ಗಡ್ಡೆಗಳಿಂದ ತಲೆನೋವು, ಮೂಗು ಕಟ್ಟುವುದು, ಮೂಗಿನಿಂದ ರಕ್ತ ಬರುವುದು, ಪದೇ ಪದೇ ಸೈನಸ್ ತೊಂದರೆ ಕಾಣಿಸುತ್ತವೆ. ಎಲುಬು ಸವೆದಿದ್ದರೆ ಬಗ್ಗಿದಾಗ ಮೂಗಿನಿಂದ ನೀರಿನಂತೆ ಮಿದುಳು ದ್ರವ ತೊಟ್ಟಿಕ್ಕಬಹುದು. ಗುಳಿಯ ಮೇಲಿನ ಗಡ್ಡೆ ದೃಷ್ಟಿನರಗಳನ್ನು ಒತ್ತಿದರೆ ಎರಡು ಕಣ್ಣುಗಳ ಹೊರಬದಿಯ ನೋಟ ಮಸುಕಾಗುತ್ತದೆ; ರೋಗಿ ಪಕ್ಕದಲ್ಲಿ ಬರುವ ವಾಹನವನ್ನೋ ಬಾಗಿಲ ಚೌಕಟ್ಟನ್ನೋ ಗಮನಿಸದೆ ಹಾಯುತ್ತಾನೆ. ಕ್ಯಾವರ್ನಸ್ ಸೈನಸ್ ಅಥವಾ ಕ್ಲೈವಸ್ಸಿನ ಗಡ್ಡೆಗಳು ಕಣ್ಣನ್ನು ಹೊರಳಿಸುವ ನರಗಳನ್ನು ಒತ್ತಿ ಒಂದು ವಸ್ತು ಎರಡಾಗಿ ಕಾಣುವಂತೆ ಮಾಡುತ್ತವೆ.

ಹಾರ್ಮೋನು ಸುರಿಸುವ ಗಡ್ಡೆಗಳಲ್ಲಿ ಎ.ಸಿ.ಟಿ.ಎಚ್., ಪ್ರೊಲ್ಯಾಕ್ಟಿನ್ ಮತ್ತು ಬೆಳವಣಿಗೆಯ ಹಾರ್ಮೋನಿನವು ಹೆಚ್ಚು. ಎ.ಸಿ.ಟಿ.ಎಚ್. ಹೆಚ್ಚಾದರೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲನ್ನು ಮಿತಿಮೀರಿ ತಯಾರಿಸಿ ಕುಶಿಂಗ್ ಕಾಯಿಲೆ ಬರುತ್ತದೆ: ಮುಖ ದುಂಡಗಾಗಿ ಕೆಂಪೇರುತ್ತದೆ, ಹೊಟ್ಟೆ ಬೆಳೆದು ಕೈಕಾಲು ಸೊರಗುತ್ತವೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡುತ್ತವೆ, ರಕ್ತದೊತ್ತಡ ಮತ್ತು ಸಕ್ಕರೆ ಏರುತ್ತವೆ, ಕುಳಿತಲ್ಲಿಂದ ಏಳುವಾಗ ತೊಡೆಗಳಲ್ಲಿ ಬಲ ಸಾಲುವುದಿಲ್ಲ. ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ, ಬಸುರಿ ಬಾಣಂತಿ ಅಲ್ಲದಿದ್ದರೂ ಎದೆಹಾಲು ಬರುತ್ತದೆ. ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾದಾಗ ಬರುವ ಆಕ್ರೊಮೆಗಲಿಯಲ್ಲಿ ಬದಲಾವಣೆ ಎಷ್ಟು ನಿಧಾನವೆಂದರೆ ಮನೆಯವರಿಗೇ ತಿಳಿಯುವುದಿಲ್ಲ. ಬೆರಳಿನ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ಒಂದೆರಡು ಅಂಕ ಮೇಲೇರುತ್ತದೆ, ದವಡೆ ಮುಂಚಾಚಿ ಹಲ್ಲುಗಳ ನಡುವೆ ಸಂದು ಬೀಳುತ್ತದೆ, ದನಿ ಗಡುಸಾಗುತ್ತದೆ. ಹತ್ತು ವರ್ಷದ ಹಿಂದಿನ ಫೋಟೊ ಪಕ್ಕದಲ್ಲಿಟ್ಟು ನೋಡಿದಾಗಲೇ ವ್ಯತ್ಯಾಸ ಎದ್ದು ಕಾಣುವುದು.

ಟಿ.ಎಸ್.ಎಚ್. ಸುರಿಸುವ ಗಡ್ಡೆಗಳು ಕೈಬೆರಳಲ್ಲಿ ಎಣಿಸುವಷ್ಟಾದರೂ ಅವುಗಳಲ್ಲಿ ಹಲವು ಗಂಟಲಿನ ಮೇಲ್ಛಾವಣಿಯಲ್ಲಿ ಕಂಡಿರುವುದು ಗಮನಾರ್ಹ. ಇವರಿಗೆ ಎದೆಬಡಿತ, ಬೆವರು, ತೂಕ ಇಳಿಯುವಿಕೆ ಬಂದು ಥೈರಾಯ್ಡಿನ ಸ್ವಂತ ಕಾಯಿಲೆಯೆಂದೇ ತೋರುತ್ತದೆ. ಥೈರಾಯ್ಡ್ ತಾನಾಗಿ ಕೆರಳಿದ್ದರೆ ಟಿ.ಎಸ್.ಎಚ್. ತಳ ಸೇರಿರಬೇಕು, ಇಲ್ಲಿ ಅದು ಇಳಿದಿರುವುದಿಲ್ಲ. ಈ ಒಂದು ಅಂಕಿಯನ್ನು ಕಡೆಗಣಿಸಿದರೆ ನಿರಪರಾಧಿ ಥೈರಾಯ್ಡನ್ನು ಕತ್ತರಿಸಿಯೋ ವಿಕಿರಣ ಅಯೋಡಿನ್ನಿನಿಂದ ಸುಟ್ಟೋ ಹಾಕಿದಂತಾಗುತ್ತದೆ. ಇನ್ನು ಕೆಲವು ಗಡ್ಡೆಗಳು ರಕ್ತಕ್ಕೆ ಯಾವ ಹಾರ್ಮೋನನ್ನೂ ಗಣನೀಯವಾಗಿ ಬಿಡುವುದಿಲ್ಲ. ಇವು ಮೌನ ಗಡ್ಡೆಗಳು. ತಪ್ಪು ನಿದಾನಕ್ಕೆ ಹೆಚ್ಚು ಬಲಿಯಾಗುವವೂ ಇವೇ.

ರಕ್ತಪರೀಕ್ಷೆ

ತಲೆಬುರುಡೆಯ ತಳದ ನಡುರೇಖೆಯಲ್ಲಿ ಯಾವುದೇ ಗಡ್ಡೆ ಕಂಡಾಗ ಚಾಕು ಹಿಡಿಯುವ ಮೊದಲು ಪಿಟ್ಯುಟರಿ ಹಾರ್ಮೋನುಗಳನ್ನು ಅಳೆಯಬೇಕು. ಮುಖ್ಯವಾದದ್ದು ಪ್ರೊಲ್ಯಾಕ್ಟಿನ್. ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 25 ನ್ಯಾನೊಗ್ರಾಮಿನ ಒಳಗಿರುವ ಇದು ದೊಡ್ಡ ಪ್ರೊಲ್ಯಾಕ್ಟಿನ್ ಗಡ್ಡೆಗಳಲ್ಲಿ 200 ದಾಟಿ, ಕೆಲವೊಮ್ಮೆ ಸಾವಿರಗಳಿಗೆ ಏರುತ್ತದೆ. ಅಷ್ಟು ಏರಿದ್ದರೆ ಎಷ್ಟೋ ಸಲ ಗಡ್ಡೆಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಆಕ್ರೊಮೆಗಲಿಗೆ ಐ.ಜಿ.ಎಫ್.-1 ಅಳೆಯುವ ಪರೀಕ್ಷೆ, ಜೊತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆಯ ಹಾರ್ಮೋನು ತಗ್ಗುತ್ತದೆಯೇ ಎಂದು ನೋಡುವ ಪರೀಕ್ಷೆ. ಕುಶಿಂಗ್‌ಗೆ 24 ಗಂಟೆಯ ಮೂತ್ರದಲ್ಲಿನ ಕಾರ್ಟಿಸಾಲ್, ತಡರಾತ್ರಿಯ ಉಗುಳಿನ ಕಾರ್ಟಿಸಾಲ್, ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ನುಂಗಿಸಿ ಮರುದಿನ ಬೆಳಿಗ್ಗೆ ಮಾಡುವ ರಕ್ತಪರೀಕ್ಷೆ.

ಎ.ಸಿ.ಟಿ.ಎಚ್. ಎಲ್ಲಿಂದ ಬರುತ್ತಿದೆಯೆಂದು ತಿಳಿಯಲು ತೊಡೆಯ ರಕ್ತನಾಳದಿಂದ ತೂರಿಸಿದ ಸಣ್ಣ ಕೊಳವೆಗಳ ಮೂಲಕ, ಪಿಟ್ಯುಟರಿಯ ರಕ್ತ ಹರಿದುಬರುವ ಪೆಟ್ರೋಸಲ್ ಅಭಿಧಮನಿಗಳಿಂದ ರಕ್ತ ತೆಗೆದು ಕೈಯ ರಕ್ತದೊಡನೆ ಹೋಲಿಸುತ್ತಾರೆ. ಅಲ್ಲಿನ ಮಟ್ಟ ಕೈಯದಕ್ಕಿಂತ ಎರಡು ಪಟ್ಟು, ಪ್ರಚೋದಕ ಚುಚ್ಚುಮದ್ದು ಕೊಟ್ಟ ಮೇಲೆ ಮೂರು ಪಟ್ಟು ಇದ್ದರೆ ಮೂಲ ಪಿಟ್ಯುಟರಿ ಎಂದು ತೀರ್ಮಾನ. ಇಲ್ಲೊಂದು ತೊಡಕಿದೆ. ಗುಳಿಯ ಪಕ್ಕದ ತಾಣ ತಪ್ಪಿದ ಗಡ್ಡೆಯ ರಕ್ತವೂ ಇದೇ ಅಭಿಧಮನಿಗಳಿಗೆ ಹರಿಯಬಹುದು. ಪರೀಕ್ಷೆ ಪಿಟ್ಯುಟರಿಯತ್ತ ಬೊಟ್ಟು ಮಾಡುತ್ತದೆ, ಶಸ್ತ್ರವೈದ್ಯರು ಗುಳಿ ತೆರೆದರೆ ಗಡ್ಡೆಯೇ ಸಿಗುವುದಿಲ್ಲ. ಹೀಗಾದಾಗ ಸಹಜವಾಗಿರುವ ಗ್ರಂಥಿಯನ್ನು ಕತ್ತರಿಸುವ ಮೊದಲು ಸೈನಸ್, ಕಾಂಡ, ಕ್ಯಾವರ್ನಸ್ ಭಾಗಗಳನ್ನು ಮತ್ತೊಮ್ಮೆ ಹುಡುಕುವುದು ವಿವೇಕ.

ಚಿತ್ರಣ

ಎಂ.ಆರ್.ಐ. ಇಲ್ಲಿ ಮುಖ್ಯ ಸಾಧನ. ಗುಳಿಯೊಳಗಿನ ಗ್ರಂಥಿ, ಅದರ ಕಾಂಡ, ಗುಳಿಯ ತಳ ಮತ್ತು ಗಡ್ಡೆ ನಾಲ್ಕನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಎಲುಬು ಎಷ್ಟು ಸವೆದಿದೆಯೆಂದು ತೋರಿಸಲು ಸಿ.ಟಿ. ಬೇಕು. ಕೆಲವೇ ಮಿಲಿಮೀಟರಿನ ಗಡ್ಡೆಗಳು ಎಂ.ಆರ್.ಐ.ಯಲ್ಲೂ ತಪ್ಪಿಸಿಕೊಳ್ಳುತ್ತವೆ, ಆಗ ಮೆಥಿಯೊನಿನ್ ಅಥವಾ ಡೋಟಾಟೇಟ್ ಬಳಸಿ ಮಾಡುವ ಪೆಟ್ ಸ್ಕ್ಯಾನ್ ನೆರವಾಗಬಹುದು. ವೈದ್ಯರು ಪಿಟ್ಯುಟರಿಯ ಸ್ಕ್ಯಾನ್ ಎಂದು ಬರೆದುಕೊಟ್ಟಾಗ ಗಂಟಲಿನ ಮೇಲ್ಛಾವಣಿಯವರೆಗೂ ಚಿತ್ರ ತೆಗೆಯುವುದು, ತೆಗೆದ ಚಿತ್ರದಲ್ಲಿ ಅದನ್ನೂ ನೋಡುವುದು ಒಳ್ಳೆಯ ಅಭ್ಯಾಸ.

ಚಿತ್ರದಿಂದಲೇ ಗಡ್ಡೆಯ ಜಾತಿ ಹೇಳಲು ಬರುವುದಿಲ್ಲ. ಕ್ಲೈವಸ್ಸಿನಲ್ಲಿ ಇದ್ದರೆ ಕಾರ್ಡೋಮ ಅಥವಾ ಕಾಂಡ್ರೋಸಾರ್ಕೋಮ ಎಂದು, ಗುಳಿಯ ಮೇಲಿದ್ದರೆ ಮೆನಿಂಜಿಯೋಮ ಅಥವಾ ಕ್ರೇನಿಯೋಫ್ಯಾರಿಂಜಿಯೋಮ ಎಂದು, ಸೈನಸ್ಸಿನಲ್ಲಿದ್ದರೆ ಕ್ಯಾನ್ಸರ್ ಅಥವಾ ಶಿಲೀಂಧ್ರ ಸೋಂಕು ಎಂದು, ಗಂಟಲಲ್ಲಿದ್ದರೆ ಗಂಟಲಿನ ಕ್ಯಾನ್ಸರೆಂದು ಅನುಮಾನ ಹೋಗುವುದು ಸಹಜ. ಅಲ್ಲೆಲ್ಲ ಆ ಕಾಯಿಲೆಗಳೇ ಹೆಚ್ಚು ಸಾಮಾನ್ಯ. ಗ್ರಂಥಿ ಸಹಜವಾಗಿದ್ದು ನಡುರೇಖೆಯಲ್ಲಿ ಗಡ್ಡೆಯಿದ್ದರೆ, ಅದರಲ್ಲೂ ಖಾಲಿ ಗುಳಿ ಜೊತೆಗಿದ್ದರೆ, ಪಿಟ್ಯುಟರಿ ಗಡ್ಡೆಯ ಹೆಸರನ್ನೂ ಪಟ್ಟಿಗೆ ಸೇರಿಸಬೇಕು.

ಸೂಕ್ಷ್ಮದರ್ಶಕದ ಅಡಿಯಲ್ಲಿ

ನಿದಾನ ಕೊನೆಗೆ ನಿಲ್ಲುವುದು ರೋಗಶಾಸ್ತ್ರಜ್ಞರ ಮೇಜಿನ ಮೇಲೆ. ಮೂಗಿನ ಹಿಂದಿನಿಂದ ತೆಗೆದ ಒಂದೆರಡು ಚೂರು ಅಂಗಾಂಶ, ಜೊತೆಗೆ ಸೈನಸ್ ಗಡ್ಡೆ ಎಂಬ ಚುಟುಕು ಟಿಪ್ಪಣಿ. ಗಾಜಿನ ಮೇಲೆ ಕಾಣುವುದು ಲೋಳೆಪೊರೆಯ ಕೆಳಗೆ ಹಾಳೆಹಾಳೆಯಾಗಿ, ಗೂಡುಗೂಡಾಗಿ ಹಬ್ಬಿದ ಒಂದೇ ತೆರನ ದುಂಡು ಜೀವಕೋಶಗಳು, ನಡುನಡುವೆ ತೆಳು ರಕ್ತನಾಳಗಳು, ಕೆಲವೆಡೆ ಎಲುಬಿನೊಳಗೆ ನುಗ್ಗಿದ ಕುರುಹು. ನರ-ನಿರ್ನಾಳ ಜೀವಕೋಶಗಳ ಗುರುತಾದ ಸಿನ್ಯಾಪ್ಟೊಫೈಸಿನ್ ಬಣ್ಣ ಹಿಡಿಯುತ್ತದೆ, ಕೆರಾಟಿನ್ ಬಣ್ಣವೂ ಹಿಡಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ನ್ಯೂರೋಎಂಡೊಕ್ರೈನ್ ಕಾರ್ಸಿನೋಮ ಎಂದು ವರದಿ ಬರೆಯುವುದು ಸುಲಭ. ಮೂಗಿನ ಮೇಲ್ಭಾಗದ ಆಲ್‌ಫ್ಯಾಕ್ಟರಿ ನ್ಯೂರೋಬ್ಲಾಸ್ಟೋಮ, ಪ್ಯಾರಾಗ್ಯಾಂಗ್ಲಿಯೋಮ, ಪ್ಲಾಸ್ಮಸೈಟೋಮ ಕೂಡ ಹೀಗೆಯೇ ಕಾಣಬಲ್ಲವು. ಆ ವರದಿಯ ಬೆನ್ನಿಗೆ ವಿಸ್ತಾರವಾದ ಶಸ್ತ್ರಚಿಕಿತ್ಸೆ, ವಿಕಿರಣ, ಪ್ಲಾಟಿನಂ ಔಷಧಿಗಳ ಕೀಮೋಥೆರಪಿ ಬರುತ್ತವೆ. ಒಂದೊಂದೂ ಆ ರೋಗಿಗೆ ಬೇಡವಾಗಿದ್ದ ಶಿಕ್ಷೆ.

ಬಿಡಿಸುವ ದಾರಿ ಇದೆ. ಪಿಟ್ಯುಟರಿಯ ಜೀವಕೋಶ ಯಾವ ಕವಲಿಗೆ ಸೇರಿದ್ದೆಂದು ತಿಳಿಸುವ ಮೂರು ಪ್ರೋಟೀನುಗಳಿವೆ. ಪಿಟ್-1 ಇದ್ದರೆ ಬೆಳವಣಿಗೆಯ ಹಾರ್ಮೋನು, ಪ್ರೊಲ್ಯಾಕ್ಟಿನ್ ಅಥವಾ ಟಿ.ಎಸ್.ಎಚ್. ಕವಲು, ಟಿ-ಪಿಟ್ ಇದ್ದರೆ ಎ.ಸಿ.ಟಿ.ಎಚ್. ಕವಲು, ಎಸ್.ಎಫ್.-1 ಇದ್ದರೆ ಎಲ್.ಎಚ್., ಎಫ್.ಎಸ್.ಎಚ್. ಕವಲು. ಹಾರ್ಮೋನು ಸುರಿಸದ ಮೌನ ಗಡ್ಡೆಗಳಲ್ಲೂ ಇವು ಬಣ್ಣ ಹಿಡಿಯುತ್ತವೆ. ಕಾರ್ಡೋಮದಲ್ಲಿ ಬ್ರಾಕಿಯುರಿ ಎಂಬ ಬೇರೊಂದು ಪ್ರೋಟೀನು ಕಾಣುತ್ತದೆ. ಮೂಗು, ಸೈನಸ್, ಕ್ಲೈವಸ್ಸಿನಿಂದ ಬಂದ ನರ-ನಿರ್ನಾಳ ಸ್ವರೂಪದ ಪ್ರತಿಯೊಂದು ಗಡ್ಡೆಗೂ ಈ ಮೂರು ಪರೀಕ್ಷೆಗಳನ್ನು ಮಾಡಿಸುವುದು ಈಗಿನ ಸರಿಯಾದ ಕ್ರಮ.

ಚಿಕಿತ್ಸೆ

ಪ್ರೊಲ್ಯಾಕ್ಟಿನ್ ಸುರಿಸುವ ಗಡ್ಡೆಗೆ ಮೊದಲ ಮದ್ದು ಮಾತ್ರೆ. ವಾರಕ್ಕೆ ಒಂದೆರಡು ಬಾರಿ ನುಂಗುವ ಕ್ಯಾಬರ್ಗೊಲಿನ್ ಬಹುತೇಕರಲ್ಲಿ ಹಾರ್ಮೋನನ್ನು ಇಳಿಸಿ ಗಡ್ಡೆಯನ್ನೂ ಕುಗ್ಗಿಸುತ್ತದೆ. ಎಲುಬನ್ನು ಕೊರೆದು ಬೆಳೆದ ಗಡ್ಡೆ ಬೇಗ ಕುಗ್ಗಿದರೆ ಅದು ಮುಚ್ಚಿದ್ದ ರಂಧ್ರ ತೆರೆದು ಮೂಗಿನಿಂದ ಮಿದುಳು ದ್ರವ ಸೋರಬಹುದು. ಇದನ್ನು ರೋಗಿಗೆ ಮೊದಲೇ ಹೇಳಿರಬೇಕು, ಏಕೆಂದರೆ ಗಮನಿಸದಿದ್ದರೆ ಮಿದುಳು ಪೊರೆಯ ಉರಿಯೂತಕ್ಕೆ ದಾರಿಯಾಗುತ್ತದೆ.

ಉಳಿದ ಬಗೆಗಳಿಗೆ ಶಸ್ತ್ರಚಿಕಿತ್ಸೆಯೇ ಮುಖ್ಯ. ಸೈನಸ್, ಕ್ಲೈವಸ್, ಗಂಟಲಿನ ಗಡ್ಡೆಗಳನ್ನು ಮೂಗಿನ ಮೂಲಕ ಎಂಡೋಸ್ಕೋಪ್ ತೂರಿಸಿ ತೆಗೆಯುತ್ತಾರೆ. ಕಿವಿ-ಮೂಗು-ಗಂಟಲು ತಜ್ಞರು ದಾರಿ ಮಾಡಿಕೊಡುತ್ತಾರೆ, ನರಶಸ್ತ್ರವೈದ್ಯರು ಗಡ್ಡೆ ತೆಗೆಯುತ್ತಾರೆ, ಕೊನೆಗೆ ರಂಧ್ರವಿದ್ದರೆ ಮೂಗಿನದೇ ಲೋಳೆಪೊರೆಯ ತುಣುಕನ್ನು ಹೊದಿಸಿ ಮುಚ್ಚುತ್ತಾರೆ. ಗುಳಿಯ ಮೇಲಿನ ಗಡ್ಡೆಗೆ ಎಂಡೋಸ್ಕೋಪಿನ ವಿಸ್ತೃತ ದಾರಿ ಸಾಲದಿದ್ದರೆ ತಲೆಬುರುಡೆ ತೆರೆಯಬೇಕಾಗುತ್ತದೆ. ಸಹಜವಾಗಿರುವ ಗ್ರಂಥಿಯನ್ನೂ ಕಾಂಡವನ್ನೂ ಉಳಿಸುವುದು ಈ ಶಸ್ತ್ರಚಿಕಿತ್ಸೆಯ ಮುಖ್ಯ ಗುರಿಗಳಲ್ಲೊಂದು. ಅದು ಸಾಧ್ಯವಾದರೆ ರೋಗಿ ಜೀವನಪರ್ಯಂತ ಹಾರ್ಮೋನು ಮಾತ್ರೆ ನುಂಗುವುದು ತಪ್ಪುತ್ತದೆ.

ಗಡ್ಡೆ ಪೂರ್ತಿ ಬಾರದಿದ್ದರೆ ಔಷಧಿ ಮತ್ತು ವಿಕಿರಣ ಇವೆ. ಆಕ್ರೊಮೆಗಲಿಗೆ ಆಕ್ಟ್ರಿಯೋಟೈಡ್, ಲ್ಯಾನ್ರಿಯೋಟೈಡ್ ಚುಚ್ಚುಮದ್ದುಗಳು. ಕುಶಿಂಗ್‌ಗೆ ಕಾರ್ಟಿಸಾಲ್ ತಯಾರಿಕೆಯನ್ನು ತಡೆಯುವ ಕೀಟೋಕೊನಜೋಲ್, ಮೆಟಿರಪೋನ್, ಒಸಿಲೊಡ್ರೊಸ್ಟಾಟ್. ಉಳಿದ ಸಣ್ಣ ತುಣುಕಿಗೆ ಗಾಮಾ ನೈಫ್‌ನಂಥ ನಿಖರ ವಿಕಿರಣ ಕೊಡಬಹುದು.

ಕುಶಿಂಗ್ ಗಡ್ಡೆ ತೆಗೆದ ಮೇಲೆ ಎಚ್ಚರ ಹೆಚ್ಚು ಬೇಕು. ಅಷ್ಟು ದಿನ ನಿದ್ದೆಹೋಗಿದ್ದ ಸಹಜ ಎ.ಸಿ.ಟಿ.ಎಚ್. ಕೋಶಗಳು ಎಚ್ಚರಗೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ತಪ್ಪಿಸುವಂತಿಲ್ಲ. ಜ್ವರ, ವಾಂತಿ, ಅಪಘಾತದ ಹೊತ್ತಿನಲ್ಲಿ ಪ್ರಮಾಣ ಹೆಚ್ಚಿಸಬೇಕು. ಈ ವಿಷಯ ಬರೆದ ಚೀಟಿ ರೋಗಿಯ ಜೇಬಿನಲ್ಲಿ ಸದಾ ಇರಬೇಕು.

ವರ್ಗೀಕರಣ

ವಿಶ್ವ ಆರೋಗ್ಯ ಸಂಸ್ಥೆಯ 2017ರ ವರ್ಗೀಕರಣ ಮೇಲೆ ಹೇಳಿದ ಮೂರು ಪ್ರೋಟೀನುಗಳನ್ನು ಪಿಟ್ಯುಟರಿ ಗಡ್ಡೆಗಳ ವಿಂಗಡಣೆಗೆ ಆಧಾರವಾಗಿ ತೆಗೆದುಕೊಂಡಿತು. 2022ರ ಆವೃತ್ತಿ ಅಡಿನೋಮ ಎನ್ನುವ ಬದಲು ಪಿಟ್ಯುಟರಿ ನ್ಯೂರೋಎಂಡೊಕ್ರೈನ್ ಗಡ್ಡೆ ಎಂಬ ಹೆಸರನ್ನು ಮುಂದಿಟ್ಟಿದೆ. ಕೆಲವು ಗಡ್ಡೆಗಳು ಸುತ್ತಲಿನ ಎಲುಬು ಮತ್ತು ಸೈನಸ್‌ಗಳಿಗೆ ನುಗ್ಗಿ ಮತ್ತೆ ಮತ್ತೆ ಬೆಳೆಯುವುದು ಇದಕ್ಕೆ ಕೊಟ್ಟ ಕಾರಣ. ಹಾನಿಯಿಲ್ಲದ ಗಡ್ಡೆಯವರನ್ನೂ ಹೊಸ ಹೆಸರು ಗಾಬರಿಗೊಳಿಸುತ್ತದೆಂದು ಹಲವು ವೈದ್ಯರ ಆಕ್ಷೇಪ. ಎರಡು ಹೆಸರುಗಳೂ ಸದ್ಯ ಬಳಕೆಯಲ್ಲಿವೆ.

ಮುಂದಿನ ಗತಿ

ಪೂರ್ತಿಯಾಗಿ ತೆಗೆಯಲು ಬಂದ ಗಡ್ಡೆಯ ಫಲಿತಾಂಶ ಚೆನ್ನಾಗಿರುತ್ತದೆ. ಸ್ಫೀನಾಯ್ಡ್ ಸೈನಸ್ಸಿನವು ಕೈಗೆ ಸುಲಭವಾಗಿ ಸಿಗುವುದರಿಂದ ವಾಸಿಯಾಗುವ ಸಾಧ್ಯತೆ ಹೆಚ್ಚು. ಕ್ಲೈವಸ್ ಮತ್ತು ಕ್ಯಾವರ್ನಸ್ ಸೈನಸ್ಸಿನಲ್ಲಿ ಹಬ್ಬಿದವು ಕಷ್ಟದವು. ಮತ್ತೆ ಬೆಳೆಯುವ ಸಂಭವ ಇರುವುದರಿಂದ ಹಾರ್ಮೋನು ಪರೀಕ್ಷೆ ಮತ್ತು ಎಂ.ಆರ್.ಐ.ಯನ್ನು ವರ್ಷಗಳ ಕಾಲ ನಿಯಮಿತವಾಗಿ ಮಾಡಿಸಬೇಕು. ಮಾರಕವಾಗಿ ದೇಹದ ಬೇರೆಡೆ ಹರಡಿದ್ದು ಅಪರೂಪದಲ್ಲಿ ಅಪರೂಪ.

ಅಪರೂಪದ ಕಾಯಿಲೆ ಎಂಬ ಕಾರಣಕ್ಕೆ ಇದನ್ನು ಮರೆತುಬಿಡುವಂತಿಲ್ಲ, ಏಕೆಂದರೆ ಇದಕ್ಕೆ ಬೇಕಾದ ಪರೀಕ್ಷೆಗಳು ಅಪರೂಪದವಲ್ಲ. ಪ್ರೊಲ್ಯಾಕ್ಟಿನ್ ಅಳೆಯುವ ರಕ್ತಪರೀಕ್ಷೆ ಜಿಲ್ಲಾ ಕೇಂದ್ರಗಳ ಪ್ರಯೋಗಾಲಯಗಳಲ್ಲೂ ಸಿಗುತ್ತದೆ. ಮೂಗಿನ ಹಿಂದೆ ಅಥವಾ ತಲೆಬುರುಡೆಯ ತಳದಲ್ಲಿ ಗಡ್ಡೆಯಿದೆ ಎಂದು ತಿಳಿದ ರೋಗಿ ಮತ್ತು ಮನೆಯವರು ಚಿಕಿತ್ಸೆಗೆ ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಪಿಟ್ಯುಟರಿ ಹಾರ್ಮೋನುಗಳನ್ನು ನೋಡಿದ್ದೀರಾ? ಬಯಾಪ್ಸಿಯಲ್ಲಿ ಪಿಟ್ಯುಟರಿ ಜೀವಕೋಶದ ಪರೀಕ್ಷೆ ಮಾಡಿಸಿದ್ದೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.